ಹಿತ್ತಲಿಗೆ ತರುಬಿದ ಕೋಳಿ

ಆ ಬೇಸಿಗೆ ನಮ್ಮ ಹಿತ್ತಲಲ್ಲಿ ಒಂದು ಹೊರಸು ನಡೆಯುತ್ತಿತ್ತು. ನಾಲ್ಕು ಕಾಲಿನ, ಹಗ್ಗ ಜೋತುಬಿದ್ದ ಹಳೆಯ ಮಂಚ. ದಿನಕ್ಕೆ ತನ್ನ ಉದ್ದದಷ್ಟು ದೂರ, ಬಚ್ಚಲ ಗೋಡೆಯಿಂದ ಹೊರಟು ಬೇವಿನ ಗಿಡದ ಕಡೆಗೆ. ಸುತ್ತ ನನ್ನ ತವರು ಐರಣಿಯಿಂದ ತಂದ ಹರಕು ಮೀನಿನ ಬಲೆ, ಮೇಲೆ ನೆರಳಿಗೆ ಎರಡು ಗೋಣಿಚೀಲ, ಒಳಗೆ ಐದು ಕೋಳಿ. ಇಷ್ಟಲಿಂಗ ಪೂಜೆಯಾಗದೆ ಹನಿ ನೀರು ಕುಡಿಯದ ಗದಿಗೆವ್ವನವರ ಹಿತ್ತಲಲ್ಲಿ ಕೋಳಿ! ಬ್ಯಾಡಗಿಯ ನಮ್ಮ ಓಣಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಇಟ್ಟುಕೊಳ್ಳಲಿ, ಮೂಗು ಅವರದು, ಬೆರಳೂ ಅವರದೇ.

ಗದಿಗೆವ್ವ ನನ್ನ ಅತ್ತೆ. ಕೋಳಿ ತರಿಸಿದ ಸೊಸೆ ಸುರೇಖಾ ಅಂದರೆ ನಾನೇ.

ನನಗೆ ಬೇಕಾಗಿದ್ದದ್ದು ಒಂದಿಷ್ಟು ಹಸನಾದ ನೆಲ. ಐರಣಿಯಲ್ಲಿದ್ದ ನನ್ನ ಅವ್ವ ಸಾಯುವ ಮೊದಲು ಖಣದ ತುಂಡಿನಲ್ಲಿ ಒಂಬತ್ತು ಒಣ ಮೆಣಸಿನಕಾಯಿ ಕಟ್ಟಿ ನನ್ನ ಉಡಿಯಲ್ಲಿ ಹಾಕಿದ್ದಳು. ಗಿಡ್ಡ ಕಾಯಿ, ಮೈಯೆಲ್ಲ ಸುಕ್ಕು, ತುದಿ ಸ್ವಲ್ಪ ಡೊಂಕು. ನಮ್ಮ ಅಜ್ಜಿಯ ಕಾಲದಿಂದ ಹೊಳೆದಂಡೆಯ ಹೊಲದಲ್ಲಿ ಬಂದ ಜಾತಿ. ಈಗ ಅಣ್ಣ ರಾಣೆಬೆನ್ನೂರಿನಿಂದ ಪಾಕೀಟಿನ ಬೀಜ ತರುತ್ತಾನೆ. ಅವನ ತಪ್ಪೇನಿಲ್ಲ, ಪಾಕೀಟಿನ ಬೀಜ ಎರಡರಷ್ಟು ಬಿಡುತ್ತದೆ. ಆದರೆ ಅವ್ವನ ಕಾಯಿ ಎಣ್ಣೆಗೆ ಬಿದ್ದಾಗ ಏಳುತ್ತಿದ್ದ ಆ ವಾಸನೆ ಈಗ ಯಾರ ಮನೆಯಲ್ಲೂ ಏಳುವುದಿಲ್ಲ. ಆ ಒಂಬತ್ತು ಕಾಯಿ ಬಿಟ್ಟರೆ ಆ ಜಾತಿ ಮುಗಿಯಿತು.

"ಮೂರನೇ ವರ್ಷ ದಾಟಿಸಬ್ಯಾಡ, ಆಮ್ಯಾಲ ಹುಟ್ಟೂದಿಲ್ಲ" ಎಂದಿದ್ದಳು ಅವ್ವ. ಮೊದಲ ವರ್ಷ ಆ ಗಂಟು ಬಿಚ್ಚಲು ನನಗೆ ಕೈ ಬರಲಿಲ್ಲ. ಎರಡನೆಯ ವರ್ಷ ನಾಳೆ ನಾಳೆ ಎಂದೆ. ಇದು ಮೂರನೆಯದು. ಹೊಲದಲ್ಲಿ ಹಾಕಿದರೆ ಸುತ್ತಲಿನ ಹೈಬ್ರಿಡ್ ಗಿಡಗಳ ಗಾಳಿ ಬಡಿದು ಜಾತಿ ಕೆಡುತ್ತದೆ. ನಾಲ್ಕೂ ಕಡೆ ಗೋಡೆಯಿದ್ದ ಹಿತ್ತಲೊಂದೇ ಗತಿ. ಹಿತ್ತಲಲ್ಲೋ ಮೊಣಕಾಲೆತ್ತರ ಜೇಕು ಮತ್ತು ಕರಕಿ. ಇಂದು ಕಿತ್ತರೆ ನಾಡಿದ್ದು ನಗುತ್ತ ಎದ್ದು ನಿಲ್ಲುವ ಕಸ ಅದು. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಗಂಡ ಪ್ರವೀಣಕುಮಾರ, "ಕಸದ ಎಣ್ಣಿ ಹೊಡೀತೇನಿ, ಎಂಟು ದಿನದಾಗ ಸುಟ್ಟು ಹೋಗ್ತದ" ಎಂದರು. ಅವ್ವನ ಬೀಜ ಬೀಳುವ ನೆಲಕ್ಕೆ ವಿಷ ಹಾಕಲು ನಾನು ಒಪ್ಪಲಿಲ್ಲ.

ಗೋಡೆಯಾಚೆಯ ದೇವವ್ವನ ಕೋಳಿಗಳು ಒಂದೆರಡು ಸಲ ಗೋಡೆ ಹಾರಿ ಬಂದಿದ್ದವು. ಅವು ಕೆದರಿದ ಜಾಗ ಸಾಣಿಗೆ ಹಿಡಿದ ಹಿಟ್ಟಿನಂತೆ ಆಗಿತ್ತು. ದೇವವ್ವ ಹಮಾಲಿ ಮಾಡುವ ತಿರಕಪ್ಪನ ಹೆಂಡತಿ. ಅವರ ಮನೆಗೆ ಹೊಸ ಕೋಣೆ ಕಟ್ಟಿಸುತ್ತಿದ್ದರು. ಅಂಗಳದ ತುಂಬ ಉಸುಕು, ಇಟ್ಟಂಗಿ, ಕೋಳಿಗೆ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ಜಾಗ ಬೇಕು, ನನಗೆ ಕೆದರುವ ಕಾಲು ಬೇಕು. ನಡುವೆ ಅತ್ತೆ.

ನಮ್ಮ ಕಡೆ ಹೊಲಕ್ಕೆ ಕುರಿ ತರುಬುವುದುಂಟು. ಬೇಸಿಗೆಯಲ್ಲಿ ಕುರಿಯವರನ್ನು ಕರೆಸಿ ಹಿಂಡನ್ನು ರಾತ್ರಿ ಹೊಲದಲ್ಲೇ ಮಲಗಿಸುತ್ತಾರೆ. ಕುರಿ ಕಸ ಮೇಯ್ದು ಗೊಬ್ಬರ ಹಾಕುತ್ತದೆ, ಕುರಿಯವನಿಗೆ ಹೊಲದವರು ಕಾಳು ಕೊಡುತ್ತಾರೆ. ನಾನು ಅದನ್ನೇ ಹಿಡಿದುಕೊಂಡೆ.

"ಅತ್ತೀ, ಹೊಲಕ್ಕ ಕುರಿ ತರುಬಸ್ತೀವಲ್ರಿ, ಹಂಗಂತ ನಾವೇನು ಕುರಿ ತಿಂತೀವೇನ್ರಿ?"

"ಶಿವ ಶಿವಾ. ಇಲ್ಲ."

"ಹಂಗ ಹಿತ್ತಲಕ್ಕ ಕೋಳಿ ತರುಬ್ಸೂಣ್ರಿ."

ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಮುಗಿಯುವ ತನಕ ಯೋಚಿಸಿದರು. ಆಮೇಲೆ ಕರಾರು ಹೇಳಿದರು: "ಹುಂಜ ಬ್ಯಾಡ, ಪೂಜಾ ಹೊತ್ತಿನಾಗ ಕೂಗ್ತದ. ತತ್ತಿ ನನ್ನ ಕಣ್ಣಿಗೆ ಬೀಳಬಾರದು. ಸಂಜಿಗೆ ಅವು ತಮ್ಮ ಮನಿಗೆ ಹೋಗಬೇಕು. ನಮ್ಮ ಜಾಗಾದಾಗ ಮಲಗೂ ಹಂಗಿಲ್ಲ."

ಹೊರಸು ನಮ್ಮ ಮಾವ ಅಂದಾನೆಪ್ಪನವರದು. ಅವರು ತೀರಿಕೊಂಡ ಮೇಲೆ ಆರು ವರ್ಷದಿಂದ ಅಟ್ಟದ ಕೆಳಗೆ ಬಿದ್ದಿತ್ತು. ಅದಕ್ಕೆ ಬಲೆ ಕಟ್ಟುವಾಗ ಅತ್ತೆ ಬೇಸರಪಟ್ಟಾರು ಎಂದು ಅಂಜಿದ್ದೆ. ಅವರು ಬಾಗಿಲಲ್ಲಿ ಕೂತು ನೋಡಿ, "ಇದರ ಮ್ಯಾಲ ಮಲಗಿದಾವ್ರು ಒಂದು ದಿನ ಎದ್ದು ಒಂದು ಕಡ್ಡಿ ಕಸ ಕೀಳಲಿಲ್ಲ. ಈಗರ ಹೊರಸು ದುಡೀಲಿ" ಎಂದರು.

ಹೀಗೆ ಹೊರಸು ನಡೆಯಲು ಸುರುಮಾಡಿತು. ಬೆಳಿಗ್ಗೆ ದೇವವ್ವ ಬುಟ್ಟಿಯಲ್ಲಿ ಕೋಳಿಗಳನ್ನು ತಂದು ಬಲೆಯೊಳಗೆ ಬಿಡುತ್ತಿದ್ದಳು, ಸಂಜೆ ಬುಟ್ಟಿ ಮುಚ್ಚಿ ಒಯ್ಯುತ್ತಿದ್ದಳು. ನಾನು ದಿನವೂ ಹೊರಸನ್ನು ಒಂದು ಮಗ್ಗುಲಿಗೆ ಸರಿಸುತ್ತಿದ್ದೆ. ಅದು ಬಿಟ್ಟುಬಂದ ಜಾಗದಲ್ಲಿ ಹಸಿರಿನ ಹೆಸರಿಲ್ಲ. ಜೇಕಿನ ಗಡ್ಡೆ ಬಿಸಿಲಿಗೆ ಬಿದ್ದು ಒಣಗುತ್ತಿದ್ದವು, ಹೊಸ ಗರಿ ತಲೆಯೆತ್ತಿದರೆ ಮೇಲೆ ಕೊಕ್ಕು ಕಾದಿರುತ್ತಿತ್ತು. ಐದರಲ್ಲಿ ಕೆಂಪಿ ಎಂಬ ಹೇಂಟೆ ಎಲ್ಲರಿಗಿಂತ ಮುಂದೆ. ಮೂರು ಸಲ ಮರಿ ಎಬ್ಬಿಸಿದ ಕೋಳಿ ಅದು. ದೇವವ್ವ ಅದರ ಹತ್ತಿರ ಮಾತಾಡುವಷ್ಟು ತಿರಕಪ್ಪನ ಹತ್ತಿರ ಮಾತಾಡಿದ್ದನ್ನು ನಾನು ಕಂಡಿಲ್ಲ.

ವೈಶಾಖದ ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣಲ್ಲಿ ಪೂರ್ತಿ ಎಚ್ಚರವಾಗಿಲ್ಲ. ಬೇವಿನ ನೆರಳು ಗೋಡೆ ಏರುತ್ತಿತ್ತು, ಇಳಿಯುತ್ತಿತ್ತು. ರೈಲು ಬಂದುಹೋದ ಸದ್ದು ಯಾವುದೋ ಬೇರೆ ಊರಿನದೆನಿಸುತ್ತಿತ್ತು. ಕೋಳಿಗಳ ಕರಕರ ಕೆದರಾಟ, ನಡುನಡುವೆ ಗಂಟಲಲ್ಲೇ ಆಡುವ ಸಣ್ಣ ಮಾತು. ಅದನ್ನು ಕೇಳುತ್ತ ಕೂತರೆ ಅವ್ವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಾಳೆ ಅನಿಸುತ್ತಿತ್ತು. ಮಾರ್ಕೆಟ್ಟಿನ ಕಡೆಯಿಂದ ಗಾಳಿ ಬೀಸಿದರೆ ಮೆಣಸಿನಕಾಯಿ ಘಾಟಿಗೆ ಊರಿಗೆ ಊರೇ ಸೀನುತ್ತದೆ. ಕೋಳಿಗಳು ಮಾತ್ರ ಸೀನುತ್ತಿರಲಿಲ್ಲ. ಅದನ್ನು ನೋಡಿಯಾದರೂ ನನಗೆ ತಿಳಿಯಬೇಕಿತ್ತು.

ಹೊರಸು ಬೇವಿನ ಬುಡ ಮುಟ್ಟಿದ ದಿನ ನಾನು ಖಣದ ಗಂಟು ಬಿಚ್ಚಿದೆ. ಒಂಬತ್ತೂ ಕಾಯಿ ಒಡೆದು ಬೀಜ ಉದುರಿಸಿ, ಒಂದು ಬಿಸಿಲು ತೋರಿಸಿ ಬೂದಿಯಲ್ಲಿ ಕಲಸಿಡೋಣವೆಂದು ಮೊರದಲ್ಲಿ ಹರವಿ ಹಿತ್ತಲ ಮೆಟ್ಟಿಲ ಮೇಲಿಟ್ಟೆ. ಗೋಡೆಯ ಮೂಲೆಗೆ ಹೊರಸು ಹಿಡಿಯುತ್ತಿರಲಿಲ್ಲ, ಹಾಗಾಗಿ ಬಲೆ ಎತ್ತಿ ಕೋಳಿಗಳನ್ನು ಅಲ್ಲಿ ಕೆದರಲು ಬಿಟ್ಟೆ. ಮೊರಕ್ಕೆ ಕಾವಲು ಬೇಕೆಂದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದ್ದು ಮೆಣಸಿನ ಹೊಲದಲ್ಲಿ, ಬಾಳುತ್ತಿರುವುದು ಮೆಣಸಿನ ಪೇಟೆಯಲ್ಲಿ. ದಿನವಿಡೀ ರಾಶಿ ತೆರೆದು ಬಿದ್ದಿದ್ದರೂ ದನ ಮೂಸುವುದಿಲ್ಲ, ಆಡು ಬಾಯಿಡುವುದಿಲ್ಲ. ಮೆಣಸಿನಕಾಯಿಗೆ ಅದರ ಖಾರವೇ ಕಾವಲು ಎಂದು ಕಲಿತವರು ನಾವು. ಕೋಳಿ ಸಾಕಿ ಗೊತ್ತಿಲ್ಲದ ಮನೆತನ ಬೇರೆ.

ಮೆಟ್ಟಿಲಿಗೆ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವ್ವ ಹೊಳೆಯ ನೀರಲ್ಲಿ ಮೊಣಕಾಲ ತನಕ ನಿಂತಿದ್ದಳು. ಉಡಿಯಿಂದ ಏನೋ ಹೊಂಬಣ್ಣದ್ದನ್ನು ಬೊಗಸೆ ಬೊಗಸೆ ತೆಗೆದು ಯಾರಿಗೋ ಕೊಡುತ್ತಿದ್ದಳು. ತಗೊಳ್ಳುವವರು ನನಗೆ ಕಾಣುತ್ತಿರಲಿಲ್ಲ.

"ಯಾರಿಗೆ ಕೊಡಾಕತ್ತೀಬೇ ಅವ್ವಾ?" ಎಂದೆ.

"ಹಸದು ಬಂದಾರ, ಕೊಡಾಕತ್ತೇನಿ" ಎಂದಳು, ನನ್ನ ಕಡೆ ನೋಡದೆಯೇ.

ಎಚ್ಚರಾದಾಗ ಮೊರ ಖಾಲಿಯಿತ್ತು. ಹರಿದ ಸಿಪ್ಪೆ ಮೆಟ್ಟಿಲ ತುಂಬ ಚೆಲ್ಲಿತ್ತು. ಕೆಂಪಿ ಮೊರದ ನಡುವೆಯೇ ನಿಂತು ಕೊನೆಯ ಬೀಜ ಹೆಕ್ಕುತ್ತಿತ್ತು, ಹಬ್ಬದ ಊಟಕ್ಕೆ ಬಂದ ಬೀಗಿತ್ತಿಯ ಹಾಗೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಒಂದೇ ಒಂದು ಕಾಯನ್ನಾದರೂ ಡಬ್ಬಿಯಲ್ಲಿ ಉಳಿಸಿಕೊಳ್ಳುವ ಬುದ್ಧಿ ನನಗಿರಲಿಲ್ಲ. ನಾನು ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅಂದು ಅತ್ತುಬಿಟ್ಟೆ.

ನನ್ನ ದನಿ ಕೇಳಿ ದೇವವ್ವ ಓಡಿ ಬಂದಳು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಕೋಳಿಗೆ, ಅವಳ ಬುಟ್ಟಿಗೆ, ಅವಳ ಹೊಸ ಕೋಣೆಗೆ ಕೂಡ.

"ಕೋಳಿಗೆ ಖಾರ ಹತ್ತೂದಿಲ್ಲ ತಂಗೆವ್ವ. ಅದಕ್ಕ ಮೆಣಸಿನಕಾಯಿ ಅಂದ್ರ ನಮಗ ಬಾಳಿಹಣ್ಣು ಇದ್ದಂಗ. ನಿಮಗ ಗೊತ್ತಿರಲಿಕ್ಕಿಲ್ಲ ಅಂತ ನಾನರ ಹೇಳಬೇಕಿತ್ತು" ಎಂದಳು. ಆಮೇಲೆ ಕೆಂಪಿಯನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ಅದರ ಕುತ್ತಿಗೆಯ ಕೆಳಗೆ ಇಟ್ಟಳು. ಬೆಚ್ಚಗೆ ಒಂದು ಸಣ್ಣ ಚೀಲ. ಒಳಗೆ ಹರಳುಹರಳಾಗಿ ಕೈಗೆ ಹತ್ತಿತು.

"ತಿಂದದ್ದು ಮೊದಲು ಇಲ್ಲೇ ನಿಂದ್ರತೈತಿ. ಇನ್ನೂ ಅರದಿಲ್ಲ. ಈಗ ಲಗೂ ಕೊಯ್ದ್ರ ಬೀಜ ಬೀಜಾನ ಸಿಗ್ತಾವ. ಐದರಾಗೂ ಸಿಗ್ತಾವ. ನೀ ಹೂಂ ಅನ್ನು, ನಮ್ಮ ಮನ್ಯಾಗ ಕೊಯ್ದು ಬೀಜ ತೊಳದು ತಂದು ಕೊಡ್ತೇನಿ." ಹೇಳುವಾಗ ಅವಳ ಕಣ್ಣು ಕೆಂಪಿಯ ಮೇಲಿರಲಿಲ್ಲ. ಗೋಡೆಯ ಮೇಲಿತ್ತು.

ಸುಳ್ಳು ಹೇಳಲಾರೆ. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ನನಗೆ ಆ ಗಳಿಗೆಯಲ್ಲಿ ಹೂಂ ಅನ್ನಬೇಕು ಅನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರಾದರೂ ಬೇಡ ಅಂದಾರು, ಪಾಪ ಪುಣ್ಯ ಅವರ ತಲೆಗೆ ಕಟ್ಟಿ ನಾನು ಹಗುರಾಗಬಹುದು ಎಂದು ನೋಡಿದೆ.

"ಬೀಜ ನಿಂದು, ನಿಮ್ಮವ್ವ ಕೊಟ್ಟದ್ದು. ನೀನ ಹೇಳು" ಎಂದರು ಅತ್ತೆ.

ನನ್ನ ಕೈ ಇನ್ನೂ ಆ ಚೀಲದ ಮೇಲಿತ್ತು. ಅದರಾಚೆ ಕೆಂಪಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೊಳೆಯ ನೀರಲ್ಲಿ ನಿಂತ ಅವ್ವನ ಬೊಗಸೆ ನೆನಪಾಯಿತು. ಯಾರೂ ಕಸಿದುಕೊಂಡಿರಲಿಲ್ಲ, ಅವಳೇ ಕೊಡುತ್ತಿದ್ದಳು.

"ಬ್ಯಾಡ ದೇವಕ್ಕ. ಅವ್ವ ಕೊಟ್ಟಾಳ, ತಿಂದಾವ. ಬಿಡು" ಎಂದೆ. ಹೇಳಿ ಒಳಗೆ ಹೋಗಿ ಖಣದ ತುಂಡನ್ನು ಮುಖಕ್ಕೆ ಒತ್ತಿಕೊಂಡು ಕೂತೆ. ಅದರಲ್ಲಿ ವಾಸನೆ ಇನ್ನೂ ಇತ್ತು.

ಹೊರಗೆ ದೇವವ್ವ ಕೋಳಿಗಳನ್ನು ಬುಟ್ಟಿಗೆ ಹಾಕಿಕೊಳ್ಳುವ ಸದ್ದಾಯಿತು. ಅತ್ತೆ ತಡೆದರು.

"ಎಲ್ಲಿಗೆ ಒಯ್ಯಾಕತ್ತಿ?"

"ಸಂಜಿ ಆತಲ್ರಿ ಅಮ್ಮಾರ. ಮಲಗಸ್ತೇನಿ."

"ಹೊಲಕ್ಕ ಕುರಿ ತರುಬಿದಾಗ ಸಂಜಿಗೆ ಮನಿಗೆ ಹೊಡ್ಕೊಂಡು ಹೋಗ್ತಾರೇನ? ಹೊಲದಾಗ ಮಲಗಿದ್ರನ ತರುಬಿದಂಗ. ಇಷ್ಟು ದಿನ ನಾವು ಅರ್ಧಾ ಕೆಲಸ ಮಾಡಿಸೇವಿ. ಹೊಟ್ಟ್ಯಾಗಿಂದು ಎಲ್ಲಿ ಬೀಳ್ತೈತೋ ಅದು ನಮ್ಮ ನೆಲದಾಗ ಬೀಳಲಿ. ಹೊರಸಿನ ಬಲಿ ಬಿಗಿ ಮಾಡು, ಮುಂಗುಸಿ ಬರ್ತಾವ."

ಮೂರು ರಾತ್ರಿ ಐದೂ ಕೋಳಿ ಮಾವನವರ ಹೊರಸಿನ ಕೆಳಗೆ ನಮ್ಮ ಹಿತ್ತಲಲ್ಲೇ ಮಲಗಿದವು. ಬೆಳಿಗ್ಗೆ ಪೂಜೆ ಮುಗಿಸಿ ಅತ್ತೆ ತಾವೇ ಹೋಗಿ ಹೊರಸಿಗೆ ಕೈ ಹಾಕುತ್ತಿದ್ದರು. ಎರಡನೆಯ ದಿನ ಬಲೆಯೊಳಗೆ ಒಂದು ತತ್ತಿ ಬಿದ್ದಿತ್ತು. ಅತ್ತೆ ಸೆರಗಿನಲ್ಲಿ ಹಿಡಿದು ಗೋಡೆಯ ಮೇಲಿಟ್ಟು, "ದೇವವ್ವಾ, ನಿಂದೇನೋ ಐತಿ ನೋಡು" ಎಂದು ಕೂಗಿ ಕೈ ತೊಳೆಯಲು ಹೋದರು.

ಆಮೇಲೆ ಮಳೆ ಬಂತು. ಹಿತ್ತಲಲ್ಲಿ ಮೊದಲು ಎದ್ದದ್ದು ಜೇಕೇ, ಅಲ್ಲೊಂದು ಇಲ್ಲೊಂದು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಹತ್ತು ಹನ್ನೆರಡು ದಿನ ಕಳೆದಿರಬಹುದು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹಿತ್ತಲಿಂದ ಕರೆದರು. ಬೇವಿನ ಬುಡದಿಂದ ಎರಡು ಹೊರಸಿನ ದೂರ, ಒದ್ದೆ ನೆಲದಲ್ಲಿ ಅವರು ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕ್ಷಣ ಅವ್ವನೇ ಕೂತಂತೆ ಕಂಡಿತು. ಅವರ ಬೆರಳ ಮುಂದೆ ಎರಡೆರಡು ಎಲೆಯ ಮೆಣಸಿನ ಅಗಿ, ಉದ್ದ ಎಲೆ, ದಾರದಂಥ ಕಾಂಡ. ಒಟ್ಟು ಹನ್ನೊಂದು.

"ನಿಮ್ಮವ್ವ ಬಂದಾಳ ನೋಡು" ಎಂದರು ಅತ್ತೆ.

ಕೋಳಿಯ ಹೊಟ್ಟೆಯಿಂದ ಬಂದವೋ, ಕಾಲಲ್ಲಿ ಚೆಲ್ಲಿ ಮಣ್ಣಿಗೆ ಸೇರಿದವೋ ನನಗೆ ಗೊತ್ತಿಲ್ಲ. ನೂರಾರು ಬೀಜದಲ್ಲಿ ಹನ್ನೊಂದು ಉಳಿದವು. ಅವುಗಳಲ್ಲಿ ನಾಲ್ಕನ್ನು ಹುಳ ತಿಂದಿತು. ಉಳಿದ ಏಳು ಗಿಡಗಳ ಸುತ್ತ ನಾನು ಕೈಯಲ್ಲೇ ಕಸ ಕಿತ್ತೆ. ಕೋಳಿಗಳು ಹೊಸ ಕೋಣೆಯ ಹಿಂದಿನ ತಮ್ಮ ಗೂಡಿಗೆ ಹೋಗಿದ್ದವು. ಹೊರಸು ಮತ್ತೆ ಅಟ್ಟದ ಕೆಳಗೆ ಸೇರಿತು.

ಸಂಕ್ರಾಂತಿ ಕಳೆದ ಮೇಲೆ ಕಾಯಿ ಗಿಡದಲ್ಲೇ ಕೆಂಪಾಗಿ ಸುಕ್ಕುಗಟ್ಟಿದವು. ಗಿಡ್ಡ ಕಾಯಿ, ತುದಿ ಡೊಂಕು. ಒಂದನ್ನು ಎಣ್ಣೆಗೆ ಹಾಕಿದೆ. ಆ ವಾಸನೆಗೆ ಪ್ರವೀಣಕುಮಾರ ಅಂಗಡಿಗೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಾನು ಸೌಟು ಹಿಡಿದುಕೊಂಡು ನಿಂತೇ ಅತ್ತುಬಿಟ್ಟೆ. ಈ ಸಲದ್ದು ಸಂತೋಷದ ಅಳು.

ಬೀಜಕ್ಕೆಂದು ಆರಿಸಿದ ಕಾಯಿಗಳನ್ನು ಮೂರು ಡಬ್ಬಿಯಲ್ಲಿ ಹಾಕಿಟ್ಟೆ. ಬುದ್ಧಿ ಬಂದಿತ್ತು. ಎಲ್ಲಕ್ಕಿಂತ ದಪ್ಪದೊಂದು ಕಾಯಿ ಕೈಯಲ್ಲಿ ಹಿಡಿದು ಗೋಡೆಯ ಹತ್ತಿರ ಹೋದೆ. ತರುಬಿದವರಿಗೆ ಕಾಳು ಕೊಡುವುದು ಪದ್ಧತಿ, ಅದು ಬಾಕಿ ಉಳಿದಿತ್ತು. ಗೋಡೆಯಾಚೆ ಕೆಂಪಿ ತಲೆ ಓರೆ ಮಾಡಿ ನೋಡಿತು. ಕಾಯಿ ಒಡೆದು ಅಂಗೈಯಲ್ಲಿ ಬೀಜ ಹರವಿ ಕೈ ಚಾಚಿದೆ. ಅದು ಹಾರಿ ಗೋಡೆಯ ಮೇಲೆ ಕೂತು ಹೆಕ್ಕತೊಡಗಿತು. ಅಂಗೈ ಕಚಗುಳಿಯಿಟ್ಟಂತಾಯಿತು.

ಹಿಂದಿನಿಂದ ಅತ್ತೆ ಕೇಳಿದರು, "ಬೀಜದ ಕಾಯಲ್ಲೇನ ಅದು? ಯಾರಿಗೆ ಕೊಡಾಕತ್ತಿ?"

"ಹಸದು ಬಂದಾಳ್ರಿ, ಕೊಡಾಕತ್ತೇನಿ" ಎಂದೆ.

ಹೇಳಿದ ಮೇಲೆ ಆ ದನಿ ಯಾರದೆಂದು ನಾನೇ ಹಿಂದೆ ತಿರುಗಿ ನೋಡಿದೆ.