ಮಧ್ಯಾಹ್ನ ಕಾಸಿದ ನೀರು

ನನ್ನ ಅಮ್ಮ ನೆಲದ ಮೇಲೆ ನಡೆಯಬೇಕಾದರೆ ವಾಕರ್ ಬೇಕು, ಜೊತೆಗೆ ಬೈಸಿಕೊಳ್ಳಲು ಒಬ್ಬರು ಬೇಕು. ನೀರಿನಲ್ಲಿ ಎರಡೂ ಬೇಡ. ಮಂಡಿ ಆಪರೇಷನ್ ಆದಮೇಲೆ ದಿನಾ ಬೆಳಿಗ್ಗೆ ನಗರಸಭೆಯ ಹಳೆಯ ಈಜುಕೊಳದ ಬೆಚ್ಚನೆಯ ನೀರಿಗಿಳಿದು, ಈ ಗೋಡೆಯಿಂದ ಆ ಗೋಡೆಗೆ ರಾಣಿಯ ಹಾಗೆ ನಡೆಯುತ್ತಾಳೆ. ಅಲ್ಲಿ ಈಜು ಕಲಿಸುವವನು ನನ್ನ ಅಣ್ಣ. ಅಮ್ಮ ನೀರಿನಲ್ಲಿರುವಷ್ಟು ಹೊತ್ತು ಅವನು ಸೀಟಿ ಊದುವುದಿಲ್ಲ. ಊದಿದರೆ ಬೈಗುಳದ ಸರದಿ ಅವನದು.

ಆ ಕೊಳದ ಕಟ್ಟಡವನ್ನು ಕೆಡವಬೇಕೋ, ರಿಪೇರಿ ಮಾಡಬೇಕೋ ಎಂಬ ಲೆಕ್ಕ ಬಂದು ನನ್ನ ಮೇಜಿನ ಮೇಲೆಯೇ ಕೂತಿತು. ನನ್ನ ಕೆಲಸವೇ ಅದು. ಇಟ್ಟಿಗೆ ಸುಡುವುದರಿಂದ ಹಿಡಿದು ಕೊನೆಗೆ ಕಲ್ಲುಮಣ್ಣು ಹೊತ್ತೊಯ್ಯುವ ಲಾರಿಯವರೆಗೆ, ಒಂದು ಕಟ್ಟಡ ತನ್ನ ಆಯುಷ್ಯದಲ್ಲಿ ಎಷ್ಟು ಹೊಗೆ ಬಿಡುತ್ತದೆ ಎಂದು ಕೂಡಿಸುವುದು. ಹೊಸದನ್ನು ಕಟ್ಟಿದರೆ ಸಿಮೆಂಟು, ಕಬ್ಬಿಣ, ಗಾಜು ಎಲ್ಲದರ ಹೊಗೆ ಮೊದಲೇ ಲೆಕ್ಕಕ್ಕೆ ಬೀಳುತ್ತದೆ. ಹಳೆಯದನ್ನು ಉಳಿಸಿದರೆ ಅದು ಇನ್ನೂ ಐವತ್ತು ವರ್ಷ ಹೊಟ್ಟೆಬಾಕನ ಹಾಗೆ ಕರೆಂಟು ನುಂಗುತ್ತದೆ. ಯಾವುದರ ಹೊಗೆ ಕಡಿಮೆಯೋ ಅದಕ್ಕೆ ನಗರಸಭೆಯ ಒಪ್ಪಿಗೆ.

ಅಮ್ಮ, ಅಣ್ಣ ಇಬ್ಬರೂ ಅಲ್ಲೇ ಇರುವ ವಿಷಯವನ್ನು ನಮ್ಮ ಮುಖ್ಯಸ್ಥರಿಗೆ ಮೊದಲೇ ಹೇಳಿದೆ. ಆಫೀಸಿನಲ್ಲಿ ಅವರನ್ನು ಸರಾಸರಿ ಸರ್ ಎನ್ನುತ್ತೇವೆ. ಅವರ ಮಗ ಮಹಾ ತುಂಟ, ಮಗಳು ಬಾಯೇ ಬಿಡದವಳು. ಕೇಳಿದರೆ, "ಸರಾಸರಿ ನೋಡಿದ್ರೆ ಮಕ್ಕಳು ಹದವಾಗಿದ್ದಾರೆ" ಎನ್ನುವ ಮನುಷ್ಯ.

"ನೀವೇ ಮಾಡಿ, ನಾನು ಒಂದೊಂದು ಸಾಲೂ ನೋಡ್ತೀನಿ. ಆದ್ರೆ ನಿಮ್ಮಮ್ಮನ ಮಂಡಿ ಲೆಕ್ಕದೊಳಗೆ ಬರಕೂಡ್ದು," ಅಂದರು.

ಬರಲಿಲ್ಲ. ಲೆಕ್ಕ "ಕೆಡವಿ" ಎಂದಿತು. ಅಂತರ ಕೂದಲೆಳೆಯಷ್ಟೇ, ಆದರೆ ಗೋಡೆ ಉರುಳಿಸಲು ಅಷ್ಟು ಸಾಕು. ಹೊಸ ಕೊಳ ಏಳುವುದಕ್ಕೆ ವರ್ಷಗಳು ಹಿಡಿಯುತ್ತವೆ. ನಡಿಗೆ ನಿಂತರೆ ಕಾಲು ಮತ್ತೆ ಮರಗಟ್ಟುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರು.

ನನಗಿದ್ದದ್ದು ಒಂದೇ ಆಸೆ. ನಾವು ಕರೆಂಟಿಗೆ ವರ್ಷದ ಸರಾಸರಿ ಹೊಗೆಯನ್ನು ಹಾಕುತ್ತೇವೆ, ಯಾವ ಹೊತ್ತಿನದಾದರೂ ಒಂದೇ. ನಿಜ ಹಾಗಿಲ್ಲ. ನಮ್ಮಲ್ಲಿ ನಡುಹಗಲಿನ ಕರೆಂಟು ಬಹುಪಾಲು ಬಿಸಿಲಿನಿಂದ ಬಂದದ್ದು, ಕತ್ತಲಾದಮೇಲಿನದು ಕಲ್ಲಿದ್ದಲು ಸುಟ್ಟು ಬಂದದ್ದು. ಗಂಟೆಗಂಟೆಗೂ ಬೇರೆ ಲೆಕ್ಕ ಹಾಕಿದರೆ ಹಳೆಯ ಕಟ್ಟಡ ಬದುಕೀತೇನೋ ಅನ್ನಿಸಿತು.

"ಹೀಗೆ ಗಂಟೆಗಂಟೆ ಎಣಿಸ್ತಾ ಕೂತ್ರೆ ನಾನು ರಿಟೈರ್ ಆಗೋದು ಯಾವಾಗ?" ಎಂದು ಗೊಣಗಿದರೂ ಸರಾಸರಿ ಸರ್ ಬೇಡವೆನ್ನಲಿಲ್ಲ.

ಹಾಕಿದೆ. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಕೊಳದ ಹೀಟರ್ ಉರಿಯುವುದೇ ರಾತ್ರಿ, ಹಾಗಾಗಿ ಹಳೆಯ ಕಟ್ಟಡದ ಹೊಗೆ ಇನ್ನೂ ಏರಿತು. ಇಷ್ಟು ಬುದ್ಧಿವಂತಿಕೆ ಯಾರು ಮಾಡು ಎಂದಿದ್ದರು ನನಗೆ?

ಅಣ್ಣನಿಗೆ ಹೇಳಲು ಊಟದ ಬಿಡುವಿನಲ್ಲಿ ಕೊಳಕ್ಕೆ ಹೋದೆ. ಅವನು ಒದ್ದೆ ನೆಲ ಒರೆಸುತ್ತಿದ್ದ.

"ಅಮ್ಮ ಈಚೆಗೆ ಹೊರಗೆ ಬಾ ಅಂದ್ರೂ ಬರಲ್ಲ ಕಣೇ, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತಾಳೆ," ಎಂದು ನಗುತ್ತ ಶುರುಮಾಡಿದವನು ನನ್ನ ಮಾತು ಕೇಳಿ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ, "ಅಂದ್ರೆ ನೀನೇ ಕೈಯಾರೆ ಕೆಡವಿಸ್ತೀಯಾ?" ಅಂದ.

ನನಗೆ ರೇಗಿತು. "ನಾನೇನು ಮಾಡ್ಲಿ? ರಾತ್ರಿಯೆಲ್ಲ ಹೀಟರ್ ಹಾಕ್ಕೊಂಡಿರೋರು ನೀವು!"

"ನಾನೆಲ್ಲಿ ಹಾಕ್ತೀನಿ? ಅದರಷ್ಟಕ್ಕೆ ಅದೇ ಹೊತ್ಕೊಳುತ್ತೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಪಂಪಿನ ಕೋಣೆಗೆ ಹೋದರೆ ಗೋಡೆಯ ಮೇಲೆ ಧೂಳು ಮೆತ್ತಿದ ಟೈಮರ್. ರಾತ್ರಿ ಕರೆಂಟಿಗೆ ರಿಯಾಯಿತಿ ಇದ್ದ ಕಾಲದಲ್ಲಿ ಯಾರೋ ಹೊಂದಿಸಿದ್ದರಂತೆ. ರಿಯಾಯಿತಿ ಹೋಗಿ ಎಷ್ಟೋ ಕಾಲವಾಗಿತ್ತು. ಟೈಮರನ್ನು ಯಾರೂ ಮುಟ್ಟಿರಲಿಲ್ಲ.

"ಮಧ್ಯಾಹ್ನ ಕಾಸಿದ್ರೆ?" ಎಂದೆ.

"ಬೆಳಿಗ್ಗೆ ಹೊತ್ತಿಗೆ ಆರಿಹೋಗುತ್ತೆ. ಅಮ್ಮ ನನ್ನ ಚರ್ಮ ಸುಲೀತಾಳೆ."

"ಮುಚ್ಚಿಟ್ರೆ?"

ಕೊಳಕ್ಕೆ ಹೊದಿಸುವ ದಪ್ಪ ಪ್ಲಾಸ್ಟಿಕ್ ಹಾಳೆಯೊಂದು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಹರಿದ ಕಡೆ ನಾವಿಬ್ಬರೂ ಕೂತು ತೇಪೆ ಅಂಟಿಸಿದೆವು. ನನ್ನ ತೇಪೆ ನೋಡಿ, "ನಿನ್ನ ಲೆಕ್ಕಾನೂ ಹೀಗೇನಾ?" ಎಂದ ಅಣ್ಣ. ಕೊಳದ ಮ್ಯಾನೇಜರ್ ಪರೀಕ್ಷೆಗೆ ಒಪ್ಪಿದರು. ಮಧ್ಯಾಹ್ನ ಕಾಸಿ, ಸಂಜೆ ಹೊದಿಸಿ, ಬೆಳಿಗ್ಗೆ ತೆಗೆದು ನೋಡಿದೆವು. ನೀರು ಬೆಚ್ಚಗೇ ಇತ್ತು. ಮೋಡ ಕವಿದ ದಿನಗಳನ್ನೂ ಬಿಡದೆ ಕೆಲವು ವಾರ ಅಳೆದೆವು. ಆ ಅಂಕಿಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿದೆ. ಈ ಸಲ ಹಳೆಯ ಕಟ್ಟಡ ಗೆದ್ದಿತು.

ಗೆದ್ದಿತು ಎಂದ ಕೂಡಲೇ ನನ್ನ ಮೇಲೆ ನನಗೇ ಅನುಮಾನ ಬಂತು. ಬೇಕಾದ ಉತ್ತರ ಸಿಕ್ಕಾಗ ಯಾರು ತಪ್ಪು ಹುಡುಕುತ್ತಾರೆ? ಎಲ್ಲವನ್ನೂ ಸರಾಸರಿ ಸರ್ ಮುಂದೆ ಸುರಿದೆ.

ಅವರು ಕನ್ನಡಕ ಏರಿಸಿದರು. "ಹಳೇದಕ್ಕೆ ಮಾತ್ರ ಬಿಸಿಲಿನ ಕರೆಂಟು ಕೊಟ್ಟು, ಹೊಸದಕ್ಕೆ ಕಲ್ಲಿದ್ದಲು ಕೊಟ್ಟಿಲ್ಲ ತಾನೇ?"

"ಇಲ್ಲ ಸರ್. ಎರಡಕ್ಕೂ ಮಧ್ಯಾಹ್ನವೇ. ಆದ್ರೆ ಕರೆಂಟಿನ ಹೊಗೆಯೇ ಕಮ್ಮಿ ಆದ್ಮೇಲೆ, ಹೊಸದು ಕರೆಂಟು ಉಳಿಸಿದ್ರೂ ಅದರ ಸಿಮೆಂಟಿನ ಹೊಗೆ ತೀರಲ್ಲ."

ಅವರು ಬಾಗಿಲು ಹಾಕಿಕೊಂಡು ತಾವೇ ಮೊದಲಿನಿಂದ ಲೆಕ್ಕ ಹಾಕಿದರು. ನಾನು ಹೊರಗೆ ಕೂತು ಒಂದೇ ಲೋಟ ಕಾಫಿಯನ್ನು ಆರುವವರೆಗೂ ಹಿಡಿದುಕೊಂಡಿದ್ದೆ. ಕೊನೆಗೆ ಬಾಗಿಲು ತೆರೆಯಿತು.

"ರಿಪೇರಿ," ಅಂದರು. "ಮಂಡಿ ಎಲ್ಲೂ ಸಿಗಲಿಲ್ಲ. ಹುಡುಕಿದೆ."

ಹೋದ ಜೀವ ಬಂದಂತಾಯಿತು. ಕೂತಲ್ಲೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ, ಇಡೀ ಆಫೀಸಿಗೆ ಕೇಳುವಂತೆ "ಫ್ಯಾನ್ ಹಾಕಿ!" ಎಂದು ಕೂಗಿದರು.

ನಗರಸಭೆ ಒಪ್ಪಿದ ಮರುದಿನ ಬೆಳಿಗ್ಗೆ ನಾನೂ ಕೊಳಕ್ಕೆ ಹೋದೆ. ಅಮ್ಮನಿಗೆ ನಾವು ಒಂದು ಮಾತೂ ಹೇಳಿರಲಿಲ್ಲ, ಸುಮ್ಮನೆ ಹೆದರುತ್ತಾಳೆ ಎಂದು. ಎದೆಯವರೆಗಿನ ನೀರಿನಲ್ಲಿ ನಿಂತಿದ್ದವಳಿಗೆ ಅಣ್ಣ ಈಗ ಎಲ್ಲ ಹೇಳಿದ. ಕೊಳ ಎಲ್ಲಿಗೂ ಹೋಗೋದಿಲ್ಲಮ್ಮ, ಅಂದ.

ಅಮ್ಮ ಅಂಗೈಯಿಂದ ನೀರನ್ನು ಮೆಲ್ಲಗೆ ಸವರಿದಳು.

"ಕೆಡವ್ತಾರೆ ಅಂತ ಬಟ್ಟೆ ಬದಲಿಸೋ ಕೋಣೇಲಿ ಎಲ್ಲಾರೂ ಮಾತಾಡ್ಕೋತಿದ್ರು. ಅದಕ್ಕೇ ದಿನಾ ಎರಡೆರಡು ಸುತ್ತು ಜಾಸ್ತಿ ನಡೀತಿದ್ದೆ. ಆಮೇಲೆ ಸಿಗಲ್ವಲ್ಲ, ಈಗ್ಲೇ ಒಂಚೂರು ಕೂಡಿಟ್ಕೊಳ್ಳೋಣ ಅಂತ."

ಅಣ್ಣ ಬೇರೆ ಕಡೆ ಮುಖ ತಿರುಗಿಸಿದ.

ಅಮ್ಮ ಕಂಬಿ ಹಿಡಿದು ಮೆಟ್ಟಿಲಿನತ್ತ ತಿರುಗಿದಳು. "ಇನ್ನು ಸಾಕು. ಹೊಟ್ಟೆ ಹಸೀತಿದೆ," ಅಂದಳು. "ಎಲ್ಲಿ ನನ್ನ ವಾಕರ್? ಇಬ್ರೂ ಹಾಗೆ ಗೊಂಬೆ ಥರ ನಿಂತ್ರೆ ಅದನ್ನ ತಂದುಕೊಡೋರು ಯಾರು?"