ಯಾರೂ ಕೇಳದ ಎಸೆತ

ವೇಡ್ ಹಾಲ್ಕಂಬ್ ನಮ್ಮಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತು ತುಂಬಿತ್ತು. ಒಕ್ಲಹೋಮದ ಗೋಧಿ ಸೀಮೆಯವನು, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ವೆಸ್ಟ್ ವರ್ಜೀನಿಯದ ಗುಡ್ಡಗಳ ಸಂದಿಯಲ್ಲಿರುವ ಹ್ಯಾಕೆಟ್ಸ್ ಬೆಂಡಿನಂಥ ಗಣಿಯೂರಿಗೆ ಅಂಥ ತೋಳು ಬರುವುದು ಅಪರೂಪ. ನಾನು, ಆರಿನ್ ಸ್ಟಾಡಲ್, ಅಲ್ಲಿನ ಬೇಸ್‌ಬಾಲ್ ತಂಡದ ಮ್ಯಾನೇಜರ್. ಹನ್ನೊಂದು ವರ್ಷದಿಂದ ಮಾಡುತ್ತಿದ್ದುದು ಒಂದೇ ಕೆಲಸ: ದೊಡ್ಡ ತಂಡದವರು ಕಳಿಸಿದ ಎಳೆಯರನ್ನು ತಿದ್ದಿ ತೀಡಿ ಮೇಲಕ್ಕೆ ಕಳಿಸುವುದು. ನಮ್ಮಂಥ ತಂಡಗಳಿಗೆ ಫಾರ್ಮ್ ಟೀಮ್, ಅಂದರೆ ಹೊಲ, ಅಂತಲೇ ಹೆಸರು. ನಿಜಕ್ಕೂ ನಮ್ಮದು ಹೊಲವಲ್ಲ, ಸಸಿಮಡಿ. ಪೈರು ಗೇಣುದ್ದ ಆಗುವಷ್ಟರಲ್ಲಿ ಕಿತ್ತೊಯ್ದು ಬೇರೆ ಕಡೆ ನೆಡುತ್ತಾರೆ. ಸುಗ್ಗಿಯನ್ನು ನಾವು ಟಿವಿಯಲ್ಲಿ ನೋಡುತ್ತೇವೆ.

ಎರಡು ಸಾವಿರದ ಮೂರನೇ ಇಸವಿ, ಜುಲೈ ಕೊನೆ. ಮಂಗಳವಾರ ಮಧ್ಯಾಹ್ನ ಕ್ಯಾಚರ್ ಎಲಾದಿಯೊ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದ. ವೆನೆಜುವೆಲಾದವನು, ಬಾಯಿತುಂಬ ನಗುವವನು. ಆವತ್ತು ನಗಲಿಲ್ಲ.

"ಕೋಚ್, ಒಂದು ಮಾತು. ನೀವು ನಗಬಾರದು."

"ನಿನ್ನ ಬ್ಯಾಟಿಂಗ್ ನೋಡಿಯೇ ನಗು ತಡ್ಕೊಂಡಿದೀನಿ. ಹೇಳು."

"ವೇಡ್ ನಾನು ಕೇಳದೇ ಇರೋ ಎಸೆತ ಎಸೀತಾನೆ." ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದ. ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. "ನಾನು ತೋರಿಸೋದು ಒಂದು ಬೆರಳು. ಅವನು ಸರಿ ಅಂತ ತಲೆ ಆಡಿಸ್ತಾನೆ. ಬರೋದು ನೋಡಿದ್ರೆ ನಿಧಾನದ ತಿರುವು. ನೆಲಕ್ಕೆ ಬಿದ್ದು ಮಂಡಿಗೆ ಬಡಿಯತ್ತೆ."

ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ತೊಡೆಸಂದಿಯಲ್ಲಿ ಬೆರಳು ತೋರಿಸುತ್ತಾನೆ. ಒಂದು ಬೆರಳೆಂದರೆ ವೇಗದ ಚೆಂಡು, ಎರಡೆಂದರೆ ನಿಧಾನದ್ದು. ಸನ್ನೆ ಕಾಣುವುದು ಎದುರಿನ ಮಣ್ಣುದಿಬ್ಬದ ಮೇಲಿರುವ ಪಿಚರ್‌ಗೆ ಮಾತ್ರ. ಅದು ತಪ್ಪುವುದುಂಟು, ಆದರೆ ದಿನವೂ ತಪ್ಪುವುದಿಲ್ಲ.

"ಅವನ್ನೇ ಕೇಳಬೇಕಿತ್ತು."

"ಕೇಳಿದೆ. 'ಎರಡು ತೋರ್ಸಿದ್ದು ನೀನೇ' ಅಂತಾನೆ. ಆಣೆ ಮಾಡ್ತಾನೆ." ಎಲಾದಿಯೊ ದನಿ ತಗ್ಗಿಸಿದ. "'ಬೆರಳಿಗೆ ಅಷ್ಟು ದಪ್ಪ ಬಿಳಿ ಪಟ್ಟಿ ಸುತ್ಕೊಂಡಿರ್ತೀಯ, ಕುರುಡನಿಗೂ ಕಾಣತ್ತೆ' ಅಂದ."

ಅವನು ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದ. ಹತ್ತು ಬೆರಳು, ಒಂದಕ್ಕೂ ಪಟ್ಟಿಯಿಲ್ಲ.

ನಾನು ನನ್ನ ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಎಳೆದುಕೊಂಡೆ. ಆ ಕೈಯ ನಡುಬೆರಳು ಸೊಟ್ಟ. ಸಾವಿರದ ಒಂಬೈನೂರ ಎಪ್ಪತ್ತೊಂದರ ಆಗಸ್ಟಿನಲ್ಲಿ, ಇದೇ ಮೈದಾನದಲ್ಲಿ, ಬ್ಯಾಟಿಗೆ ತಾಗಿ ಹಾರಿದ ಚೆಂಡು ಅದನ್ನು ಮುರಿದಿತ್ತು. ಆಗ ನಾನು ಈ ತಂಡದ ಕ್ಯಾಚರ್. ತೋರುಬೆರಳಿಗೂ ನಡುಬೆರಳಿಗೂ ದಪ್ಪಗೆ ಬಿಳಿ ಪಟ್ಟಿ ಸುತ್ತಿಕೊಂಡು ತಿಂಗಳಿಡೀ ಆಡಿದ್ದೆ. ಈ ಹುಡುಗರ ಅಪ್ಪಂದಿರಿಗೂ ಅದು ಗೊತ್ತಿರಲಿಕ್ಕಿಲ್ಲ.

"ಬಿಸಿಲು ಜಾಸ್ತಿಯಾಗಿದೆ ಅವನಿಗೆ," ಅಂದೆ. "ಹೋಗು, ಮಂಡಿಗೆ ಐಸ್ ಇಟ್ಕೋ."

ಅವನು ಹೋದ.

ಆ ಆಗಸ್ಟಿನಲ್ಲಿ ನನ್ನೆದುರು ಚೆಂಡು ಎಸೆಯುತ್ತಿದ್ದವನು ಲಾಯ್ಡ್ ಟೆಸ್ಮರ್. ಮಿನ್ನೆಸೋಟದವನು, ನನ್ನ ಜೊತೆ ಒಂದೇ ಕೋಣೆಯಲ್ಲಿ ಇದ್ದವನು. ಅವನ ಮೊಣಕೈ ನೋಯುತ್ತಿದೆ ಅನ್ನುವುದು ಇಡೀ ತಂಡದಲ್ಲಿ ನನಗೊಬ್ಬನಿಗೇ ಗೊತ್ತು. ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು. ನೋವು ಹೆಚ್ಚಾದಾಗ ಅವನು ಎಡಗಾಲ ತುದಿಯಿಂದ ಮಣ್ಣನ್ನು ಎರಡು ಸಲ ಗೀರುವುದು, ನಾನು ಎರಡು ಬೆರಳು ತೋರಿಸಿ ನಿಧಾನದ ಚೆಂಡು ಕೇಳುವುದು. ಕೊನೆಯ ವಾರ ದೊಡ್ಡ ತಂಡದವರು ಅವನನ್ನು ನೋಡಲು ಬಂದು ನನ್ನ ಬೆನ್ನ ಹಿಂದಿನ ಬಲೆಯಾಚೆ ಕೂತರು. ಅವನನ್ನು ಕರೆದರೆ ಅವನ ಕ್ಯಾಚರನ್ನೂ ಕರೆದಾರು ಅನ್ನುವ ಆಸೆ ನನ್ನದು. ಆಟದ ಒಂಬತ್ತು ಸರದಿಗಳಲ್ಲಿ ಎಂಟನೆಯದರಲ್ಲಿ ಲಾಯ್ಡ್ ಮಣ್ಣು ಗೀರಿದ. ನಾನು ನೋಡಿದೆ. ನೋಡಿಯೂ ಒಂದೇ ಬೆರಳು ತೋರಿಸಿದೆ.

ಒಣಗಿದ ಸೌದೆ ಮುರಿದಂಥ ಸದ್ದು ನನ್ನವರೆಗೂ ಕೇಳಿಸಿತು. ಆ ಕಾಲಕ್ಕೆ ಮೊಣಕೈಯ ಹರಿದ ನಾರನ್ನು ಹೊಲಿದು ಕೂಡಿಸುವ ವೈದ್ಯ ಇನ್ನೂ ಬಂದಿರಲಿಲ್ಲ. ಲಾಯ್ಡ್ ಊರಿಗೆ ಹೋದ. ಆ ಚಳಿಗಾಲ ಮೀನು ಹಿಡಿಯಲು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋದವನು ತಿರುಗಿ ಬರಲಿಲ್ಲ. ಮಂಜುಗಡ್ಡೆ ತೆಳುವಾಗಿತ್ತು ಅಂದರು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ ಯಾರೂ ಹೇಳಲಿಲ್ಲ. ನಾನು ಮಣ್ಣಿಗೂ ಹೋಗಲಿಲ್ಲ.

ಗುರುವಾರ ಮರ್ಲೀನ್ ಆಸ್ಟ್ರಾಂಡರ್ ಕಾರು ಓಡಿಸಿಕೊಂಡು ಬಂದಳು. ದೊಡ್ಡ ತಂಡದ ಕೈಕೆಳಗಿನ ಆರೂ ತಂಡಗಳ ಉಸ್ತುವಾರಿ ಅವಳದು. ಮಾತು ಖಡಕ್, ಮೋಸವಿಲ್ಲ.

"ಮೇಲೆ ಎಲ್ಲರೂ ಈ ವರ್ಷವೇ ಗೆದ್ದುಬಿಡಬೇಕು ಅಂತ ಕೂತಿದಾರೆ, ಆರಿನ್," ಅಂದಳು. "ಮೂವತ್ತೈದು ವರ್ಷದ ಒಬ್ಬ ಬ್ಯಾಟ್ಸ್‌ಮನ್ ಬೇಕಂತೆ. ಅವನ ಬದಲಿಗೆ ಅವನ ತಂಡದವರು ನಿನ್ನ ಹುಡುಗನ್ನ ಕೇಳ್ತಿದಾರೆ. ಭಾನುವಾರ ಬಂದು ನೋಡ್ತಾರೆ. ಅದಲುಬದಲಿಗೆ ಮುಂದಿನ ಗುರುವಾರ ಗಡುವು."

"ಎರಡು ತಿಂಗಳು ಆಡೋ ಮುದುಕನಿಗೆ ಹತ್ತು ವರ್ಷ ಆಡೋ ಹುಡುಗನ್ನ ಕೊಡ್ತೀರಾ? ಬಿತ್ತನೆ ಬೀಜ ಬೇಯಿಸ್ಕೊಂಡು ಉಂಡ ಹಾಗಾಯ್ತು."

"ನಂಗೊತ್ತಿಲ್ವಾ? ನಾನೂ ಅದನ್ನೇ ಬಡ್ಕೊಂಡೆ. ಆದ್ರೆ ಹತ್ತರಲ್ಲಿ ಎಂಟು ಬೀಜ ಮೊಳೆಯೋದೇ ಇಲ್ಲ ಅಂತ ನನ್ನ ಲೆಕ್ಕಾನೇ ನಂಗೆ ತೋರಿಸ್ತಾರೆ." ಕನ್ನಡಕ ತೆಗೆದು ಒರೆಸಿದಳು. "ಒಂದೇ ಪ್ರಶ್ನೆ. ತೋಳು ಸರಿಯಾಗಿದ್ಯಾ? ಮುರಿದ ಸಾಮಾನು ಮಾರಿದೋರು ಅಂತ ಹೆಸರು ತಗೊಳಕ್ಕೆ ನಂಗಿಷ್ಟ ಇಲ್ಲ. ಮತ್ತೆ, ಇದು ಸುಸೂತ್ರ ಆದ್ರೆ ಮುಂದಿನ ವರ್ಷ ಮೇಲಿನ ತಂಡದಲ್ಲಿ ನಿನಗೊಂದು ಕೋಚ್ ಕೆಲಸ ಇದೆ."

ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಆ ಮಾತು ಕೇಳಿಸಿಕೊಂಡೆ. ಮೂವತ್ತೆರಡು ವರ್ಷ ಕಾದಿದ್ದ ಮಾತು. "ವಿಚಾರಿಸಿ ಹೇಳ್ತೀನಿ," ಅಂದೆ.

ಶುಕ್ರವಾರ ಮಧ್ಯಾಹ್ನ ಮೈದಾನ ಖಾಲಿ ಇತ್ತು. ಹೊಳೆಯ ಮೇಲಿನ ಮಂಜು ಹನ್ನೆರಡಾದರೂ ಕರಗದೆ ಹಿಂಬದಿಯ ಬೇಲಿಯನ್ನು ನುಂಗಿಕೊಂಡಿತ್ತು. ಅದರಾಚೆ ಕಲ್ಲಿದ್ದಲಿನ ರೈಲು ಹಾದುಹೋಗುವ ಸದ್ದು ಮಾತ್ರ, ರೈಲು ಕಾಣದು. ವೇಡ್ ದಿಬ್ಬದ ಮೇಲೆ ನಿಂತ. ನಾನು ಅವನ ಬೆನ್ನ ಹಿಂದೆ ನಿಂತೆ, ಅವನಿಗೆ ಕಾಣುವುದೇ ನನಗೂ ಕಾಣಲೆಂದು.

ಎಲಾದಿಯೊ ಒಂದು ಬೆರಳು ತೋರಿಸಿದ. ವೇಗದ ಚೆಂಡು ಹೋಯಿತು. ಮತ್ತೊಂದು, ಇನ್ನೊಂದು. ಹನ್ನೊಂದನೆಯದಕ್ಕೂ ಒಂದೇ ಬೆರಳು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ವೇಡ್ ತಲೆ ಆಡಿಸಿದ. ಚೆಂಡು ಮೇಲೆದ್ದು, ಬಾಗಿ, ಎಲಾದಿಯೊನ ಕಾಲ ಬುಡದಲ್ಲಿ ಬಿತ್ತು.

"ಏನು ತೋರಿಸ್ದ?" ಅಂದೆ.

"ಎರಡು, ಕೋಚ್."

"ಅಲ್ಲಿ ಕೂತಿರೋದು ಯಾರು?"

ಅವನು ನನ್ನತ್ತ ತಿರುಗಿ ನಗಲು ನೋಡಿದ. "ಎಲಾದಿಯೊ ಅಲ್ವಾ?" ಮತ್ತೆ ಅತ್ತ ನೋಡಿದ. "ಮುಖಕ್ಕೆ ಮುಖವಾಡ ಇರತ್ತೆ. ಮುಖ ಯಾರು ನೋಡ್ತಾರೆ ಕೋಚ್, ಕೈ ತಾನೇ ನೋಡೋದು."

"ಪಟ್ಟಿ ಕಟ್ಟಿದ ಕೈ ಯಾವಾಗ ಕಾಣತ್ತೆ ನಿಂಗೆ?"

"ಅದು, ಮೊಣಕೈ ಚುಚ್ಚಿದಾ..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

ಅವನೇ ಹತ್ತಿರ ಬಂದು ಎಲಾದಿಯೊನಿಗೆ ಕೇಳಿಸದ ಹಾಗೆ ಹೇಳಿದ: "ಸ್ವಲ್ಪ ಉರಿ ಅಷ್ಟೆ. ಭಾನುವಾರ ಒಂದು ದಿನ ಸುಮ್ನಿದ್ದುಬಿಡಿ. ನನ್ನನ್ನ ಕೇಳ್ತಿರೋ ತಂಡದಲ್ಲಿ ಪಿಚರ್‌ಗಳೇ ಇಲ್ಲ, ನಂಗೆ ನೇರವಾಗಿ ಜಾಗ ಸಿಗತ್ತೆ. ಇಲ್ಲಿದ್ರೆ ಇನ್ನೂ ನಾಲ್ಕು ವರ್ಷ ಬಸ್ಸಲ್ಲೇ ಅಲೀಬೇಕು. ನೀವೊಬ್ಬರು ಬಾಯಿ ಬಿಡದಿದ್ರೆ ಆಯ್ತು."

ಲಾಯ್ಡ್ ಕೂಡ ಅದನ್ನೇ ಹೇಳಿದ್ದ. ಇದೇ ದಿಬ್ಬದ ಮೇಲೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ.

ಇಲ್ಲಿ ನಾನು ಸರಿಯಾದದ್ದನ್ನು ಮಾಡಿದೆ ಅಂತ ಬರೆಯಬಹುದಿತ್ತು. ಮಾಡಲಿಲ್ಲ. ಆವತ್ತು ಸಂಜೆ ಮರ್ಲೀನ್ ಫೋನ್ ಮಾಡಿದಾಗ, "ಹುಡುಗ ಚೆನ್ನಾಗಿದಾನೆ," ಅಂದುಬಿಟ್ಟೆ.

ಭಾನುವಾರ ಎರಡು ಗಂಟೆಗೆ ಆಟ. ಮೋಡ ಗುಡ್ಡಗಳ ಹೆಗಲ ಮೇಲೆ ಕೂತಿತ್ತು. ಚರ್ಚು ಮುಗಿಸಿ ಬಂದ ಜನ ಹಾಟ್‌ಡಾಗ್ ತಿನ್ನುತ್ತಾ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಬಲೆಯ ಹಿಂದೆ ಆ ತಂಡದ ಮೂವರು ವೇಗ ಅಳೆಯುವ ಯಂತ್ರ ಹಿಡಿದು ಕೂತಿದ್ದರು, ಪಕ್ಕದಲ್ಲಿ ಮರ್ಲೀನ್. ವೇಡ್ ಐದು ಸರದಿ ಎಸೆದ. ಅಂಥ ಎಸೆತವನ್ನು ಆ ಊರು ಮೂವತ್ತೆರಡು ವರ್ಷದಿಂದ ನೋಡಿರಲಿಲ್ಲ. ಒಂದೂ ಅಡ್ಡ ಸನ್ನೆಯಿಲ್ಲ, ಎಲಾದಿಯೊ ಕೇಳಿದ್ದೇ ಬರುತ್ತಿತ್ತು. ಎಲ್ಲ ನನ್ನ ತಲೆಯ ಭ್ರಮೆ ಅಂದುಕೊಂಡೆ.

ಆರನೆಯ ಸರದಿಯಲ್ಲಿ ವೇಡ್ ನಿಂತುಬಿಟ್ಟ. ಎಡಗಾಲ ತುದಿಯಿಂದ ಮಣ್ಣನ್ನು ಗೀರಿದ. ಮತ್ತೊಮ್ಮೆ ಗೀರಿದ. ಅವನು ಯಾವತ್ತೂ ಹಾಗೆ ಮಾಡಿದವನಲ್ಲ, ಯಾರೂ ಅವನಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಸನ್ನೆ ನೋಡಿ ಬೇಡವೆಂದು ತಲೆ ಆಡಿಸಿದ. ಮತ್ತೆ ಬೇಡ. ಮತ್ತೆ. ಎಲಾದಿಯೊ ಗಲಿಬಿಲಿಗೊಂಡು, ಮೈದಾನದಂಚಿನ ಬೆಂಚಿನ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದ, ಎರಡೂ ಕೈಗಳನ್ನು ಮೇಲೆತ್ತಿ. ಅವನ ಸನ್ನೆ ಮುಗಿದಿತ್ತು. ಆದರೂ ವೇಡ್ ಆ ಖಾಲಿ ತೊಡೆಸಂದಿಯನ್ನೇ ನೋಡುತ್ತಾ, ಯಾರಲ್ಲೋ ಅಂಗಲಾಚುವವನಂತೆ, ಬೇಡ ಬೇಡ ಅಂತ ತಲೆ ಆಡಿಸುತ್ತಲೇ ಇದ್ದ.

ಜನ ಬೀಸಣಿಗೆ ನಿಲ್ಲಿಸಿದರು. ನನ್ನ ಸೊಟ್ಟ ಬೆರಳಿನಲ್ಲಿ, ಈಗಷ್ಟೇ ಮುರಿದಂತೆ, ನೋವು ಮಿಡಿಯತೊಡಗಿತು. ಬಗ್ಗಿ ನೋಡಿದೆ. ಮಂಡಿಯ ಮೇಲಿದ್ದ ನನ್ನ ಬಲಗೈ ತೊಡೆಗಳ ನಡುವೆ ಇಳಿಬಿದ್ದಿತ್ತು. ಎರಡು ಬೆರಳು ಒಂದಕ್ಕೊಂದು ಅಂಟಿ, ನೆಟ್ಟಗೆ ನೆಲದತ್ತ ಚಾಚಿದ್ದವು. ಅದರಲ್ಲೊಂದು ಮೂವತ್ತೆರಡು ವರ್ಷದಿಂದ ನೆಟ್ಟಗಾಗದ ಬೆರಳು. ನಾನು ಆ ಕೈಯನ್ನು ಅಲ್ಲಿ ಇಟ್ಟಿರಲಿಲ್ಲ. ಮಡಿಸಲು ನೋಡಿದೆ, ಮಡಿಸಲಾಗಲಿಲ್ಲ.

ಎದ್ದೆ. ಅಂಪೈರಿಗೆ ಎಡಗೈ ತೋರಿಸಿ ದಿಬ್ಬದವರೆಗೆ ನಡೆದೆ. ಅಷ್ಟು ದೂರ ಯಾವತ್ತೂ ಅಷ್ಟು ದೂರ ಅನ್ನಿಸಿರಲಿಲ್ಲ.

"ಇನ್ನೊಂದೇ ಎಸೆತ, ಕೋಚ್." ಅವನ ಮುಖ ಸುಣ್ಣದಂತಾಗಿತ್ತು. "ಇವನನ್ನ ಔಟ್ ಮಾಡಿ ಬರ್ತೀನಿ."

"ಚೆಂಡು ಕೊಡು, ಮಗಾ."

"ಅವರು ನೋಡ್ತಿದಾರೆ."

"ನೋಡಲಿ. ಕೊಡು."

ಅವನು ನನ್ನ ಅಂಗೈಯಲ್ಲಿ ಚೆಂಡು ಇಟ್ಟಾಗ ಬೆರಳುಗಳು ತಾವಾಗಿ ಮಡಿಚಿಕೊಂಡವು. ವೇಡ್ ನನ್ನನ್ನು ದಾಟಿ ಕ್ಯಾಚರ್ ಕೂರುವ ಜಾಗದ ಕಡೆ ನೋಡಿದ. "ಎದ್ದು ಹೋದ," ಅಂದ, ತನಗೆ ತಾನೇ. ಎಲಾದಿಯೊ ಆಗಲೇ ದಿಬ್ಬಕ್ಕೆ ಬಂದು ನಮ್ಮ ಪಕ್ಕದಲ್ಲೇ ನಿಂತಿದ್ದ. ಅವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಪ್ರೇಕ್ಷಕರ ಮೆಟ್ಟಿಲ ಕೆಳಗಿನ ಓಣಿಯಲ್ಲಿ ಮರ್ಲೀನ್ ನನ್ನನ್ನು ತಡೆದಳು. "ಶುಕ್ರವಾರ ನಂಗೆ ಏನು ಹೇಳಿದ್ದೆ?"

"ಸುಳ್ಳು ಹೇಳಿದ್ದೆ. ಅವನ ಮೊಣಕೈ ಹೋಗಿದೆ."

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಎರಡು ದಿನ ಮುಂಚೆ ಹೇಳಿದ್ರೆ ಇವರಿಗೆ ಬೇರೆ ಏನಾದ್ರೂ ಕೊಡಬಹುದಿತ್ತು," ಅಂದು ಹೋದಳು.

ಮಂಗಳವಾರ ಆಸ್ಪತ್ರೆಯಿಂದ ಮೊಣಕೈಯ ಸ್ಕ್ಯಾನ್ ಚಿತ್ರ ಬಂತು. ಒಳಗಿನ ನಾರು ಮುಕ್ಕಾಲು ಪಾಲು ಹರಿದಿತ್ತು. ಉಳಿದದ್ದು ಇನ್ನು ಎಷ್ಟು ಎಸೆತ ತಡೆಯುತ್ತಿತ್ತು ಅಂತ ಕೇಳಿದೆ. ವೈದ್ಯರು, "ನಾನು ಆ ಪ್ರಶ್ನೆ ಕೇಳ್ತಿರಲಿಲ್ಲ," ಅಂದರು. ಆಟಗಾರರ ಅದಲುಬದಲು ಮುರಿದುಬಿತ್ತು. ಸೀಸನ್ನಿನ ಕೊನೆಗೆ ದೊಡ್ಡ ತಂಡ ಎರಡೇ ಆಟದ ಅಂತರದಲ್ಲಿ ಹಿಂದೆ ಬಿತ್ತು. ಪತ್ರಿಕೆಗಳು ಯಾರನ್ನೋ ದೂರಿದವು, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅಕ್ಟೋಬರಿನಲ್ಲಿ ನನ್ನನ್ನು ಕೆಲಸದಿಂದ ಬಿಡಿಸಿದರು. ಆ ಸುದ್ದಿಯನ್ನು ಮರ್ಲೀನಳೇ ಹೇಳಿದಳು. ಹೇಳಿ ಮುಗಿಸಿ, ಫೋನ್ ಇಡುವ ಮುಂಚೆ, "ನಮಗೆ ಸಿಗದ ಆ ಬ್ಯಾಟ್ಸ್‌ಮನ್‌ಗೆ ಆಗಸ್ಟಲ್ಲೇ ಬೆನ್ನು ಹಿಡ್ಕೊಂಡಿತು. ಹತ್ತೊಂಬತ್ತು ಆಟ ಆಡಿದ ಅಷ್ಟೆ," ಅಂದಳು.

ವೇಡ್ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಹೊಲಿಗೆ ಹಾಕಿದ ತೋಳಿನಲ್ಲಿ ಮೊದಲ ವೇಗವಿರಲಿಲ್ಲ; ಆದರೆ ಚೆಂಡನ್ನು ಎಲ್ಲಿ ಇಡಬೇಕೆಂದು ಕಲಿತ. ಇಪ್ಪತ್ನಾಲ್ಕಕ್ಕೆ ನಮ್ಮ ದೊಡ್ಡ ತಂಡಕ್ಕೇ ಹೋದ. ಏಳು ವರ್ಷ ಅಲ್ಲಿ ಎಸೆದ. ಆ ತಂಡ ಗೆದ್ದ ವರ್ಷ ಅದರಲ್ಲಿದ್ದ ಐದು ಜನ ನಮ್ಮ ಮಡಿಯಲ್ಲಿ ಮೊಳೆತವರು. ಅವನು ಒಮ್ಮೆ ಮಾತ್ರ ಕೇಳಿದ, ಆ ಕೈ ಯಾರದ್ದಾಗಿತ್ತು ಅಂತ. ನನ್ನದು ಅಂದೆ. ಅವನು ಅದನ್ನು ನಂಬಿದನೋ ಇಲ್ಲವೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಕೆಲಸ ಹೋದ ಆ ನವೆಂಬರಿನಲ್ಲಿ ನಾನು ಮಿನ್ನೆಸೋಟಕ್ಕೆ ಹೋದೆ. ಲಾಯ್ಡ್‌ನ ಅಕ್ಕ ಇಂಗ್ರಿಡ್ ಅದೇ ಊರಲ್ಲಿದ್ದಳು, ಎಪ್ಪತ್ತರ ಹತ್ತಿರ. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ: ಅವನು ಮಣ್ಣು ಗೀರಿದ್ದು, ನಾನು ನೋಡಿದ್ದು, ನೋಡಿಯೂ ಒಂದು ಬೆರಳು ತೋರಿಸಿದ್ದು.

ಕಾಫಿ ಆರಿತು. ಅವಳು ಕಿಟಕಿಯಾಚೆ, ಇನ್ನೂ ಹೆಪ್ಪುಗಟ್ಟದ ಕೆರೆಯನ್ನು ನೋಡುತ್ತಾ ಕೇಳಿದಳು: "ಆ ಕೊನೇ ಎಸೆತಕ್ಕೆ, ಎದುರಿಗಿದ್ದವನು ಔಟ್ ಆದ್ನಾ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಆದ," ಅಂದೆ. "ಬ್ಯಾಟ್ ಎತ್ತೋಕೂ ಆಗಲಿಲ್ಲ ಅವನಿಗೆ."

"ಅದನ್ನ ಅವನು ಹೇಳಿರಲಿಲ್ಲ ನಂಗೆ," ಅಂದಳು ಇಂಗ್ರಿಡ್. ಎದ್ದು, ಸೇಬಿನ ಪೈ ಕತ್ತರಿಸಿ, ನನ್ನ ಮುಂದೆ ತಟ್ಟೆ ಇಟ್ಟಳು.