ಅಪ್ಪನ ಹೆಸರಿಗೆ ಬಂದ ಆಹ್ವಾನ

‘ನಮ್ಮ ಅತ್ಯಂತ ನಿಷ್ಠಾವಂತ ಪ್ರಯಾಣಿಕರೇ’ ಎಂದು ಆಹ್ವಾನ ಶುರುವಾಗಿತ್ತು. ಅದರ ಕೆಳಗೆ ನನ್ನ ಗಂಡನ ಹೆಸರು. ಇವರು ಫೋನನ್ನು ಒಲೆಯ ಮುಂದೆ ನಿಂತಿದ್ದ ನನ್ನ ಮೂಗಿಗೆ ಹಿಡಿದು, “ಯಾರೋ ತಮಾಷೆ ಮಾಡ್ತಿದಾರೆ ಕಣೇ” ಎಂದರು.

ತಮಾಷೆಯೇ ಸರಿ. ಇವರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ನೆಲಕ್ಕೆ ಟೈಲ್ಸ್ ಕೂರಿಸುವುದು ಇವರ ಕಸುಬು. ಮನೆಯ ಬಲ್ಬು ಹೋದರೆ ಸ್ಟೂಲು ಹತ್ತುವವಳು ನಾನು, ಕೆಳಗೆ ಸ್ಟೂಲು ಹಿಡಿದುಕೊಂಡು ಬೆವರುವವರು ಇವರು.

ವಿಮಾನ ಹತ್ತಿದ್ದು ನಾನು ಮತ್ತು ಮಗಳು. ಹುಟ್ಟುವಾಗಲೇ ಅವಳ ಹೃದಯದಲ್ಲಿ ತೂತಿತ್ತು. ಅದನ್ನು ನೋಡುವ ಡಾಕ್ಟರು ಇದ್ದದ್ದು ದೂರದ ಊರಿನಲ್ಲಿ. ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದಿದ್ದರು. ವರ್ಷಗಟ್ಟಲೆ ಓಡಾಡಿದೆವು. ಮೊದಲ ಸಲ ಟಿಕೆಟ್ ಮಾಡಿಸುವಾಗ ಕೌಂಟರಿನಾತ, “ಮನೆಯವರದ್ದೆಲ್ಲ ಒಂದೇ ಖಾತೆಗೆ ಹಾಕ್ಸಿ, ಪಾಯಿಂಟು ಬೇಗ ತುಂಬುತ್ತೆ, ಆಗಾಗ ಒಂದು ಟಿಕೆಟ್ ಪುಕ್ಕಟೆ ಸಿಗುತ್ತೆ” ಎಂದಿದ್ದ. ನಮ್ಮ ಮನೆಯಲ್ಲಿ ಗ್ಯಾಸು, ಕರೆಂಟು, ನಲ್ಲಿ ನೀರು ಎಲ್ಲವೂ ಇವರ ಹೆಸರಲ್ಲೇ. ಅದೇ ರೂಢಿಯಲ್ಲಿ ಇದೂ ಇವರ ಹೆಸರಿಗೆ ಬಿತ್ತು. ನಾವು ಹಾರಿದೆವು, ಇವರು ನಿಷ್ಠಾವಂತರಾದರು.

ಆ ವಿಮಾನದ ಕಂಪನಿ ಈಗ ಹೊಸ ವಿಮಾನ ಕೊಂಡಿತ್ತು. ಅದು ಕೆಲಸಕ್ಕೆ ಇಳಿಯುವ ಮೊದಲು ಹಳೆಯ ಗಿರಾಕಿಗಳನ್ನು ಕೂರಿಸಿಕೊಂಡು ಆಕಾಶದಲ್ಲಿ ಒಂದು ಸುತ್ತು ಹಾಕಿ ವಾಪಸ್ಸು ತಂದುಬಿಡುತ್ತದಂತೆ. ಖಾತೆಯ ಸದಸ್ಯರು ಹತ್ತಬಹುದು, ಜೊತೆಗೆ ಇನ್ನೊಬ್ಬರು.

“ಅಮ್ಮ, ಇದು ಆಸ್ಪತ್ರೆಗೆ ಹೋಗಲ್ವಾ?” ಎಂದಳು ಮಗಳು.

“ಇಲ್ಲ. ಇಲ್ಲಿಗೇ ಬರುತ್ತೆ.”

“ಸೂಜಿ?”

“ಸೂಜಿನೂ ಇಲ್ಲ.”

“ಹಾಗಾದ್ರೆ ನಾನು ಹೋಗ್ಲೇಬೇಕು.”

ಕಡ್ಡಿಯಂತಿರುವ ಅವಳನ್ನು ಅವರಪ್ಪ ದಪ್ಪಕ್ಕ ಎಂದೇ ಕರೆಯುವುದು. ದಪ್ಪಕ್ಕನಿಗೆ ವಿಮಾನವೆಂದರೆ ಆಸ್ಪತ್ರೆಯ ಬಾಗಿಲು. ಸೀಟಿನ ಬೆಲ್ಟು ಕಟ್ಟಿದ ಕೂಡಲೇ ವಾಂತಿ. ಈಗ ಅವಳು ಗುಣವಾಗಿದ್ದಳು. ಒಂದೇ ಒಂದು ಸಲ, ಸೂಜಿಯ ಕಡೆಗಲ್ಲದೆ ಸುಮ್ಮನೆ ಹಾರಬೇಕು ಎನ್ನುವುದು ಅವಳ ಆಸೆ.

ನಾನು ಕಂಪನಿಗೆ ಫೋನು ಮಾಡಿ, ಇವರ ಬದಲು ನಾನು ಬರಬಹುದೇ ಎಂದು ಕೇಳಿದೆ. ಸದಸ್ಯರೇ ಬರಬೇಕು, ಹೆಸರು ಬದಲಾಗುವುದಿಲ್ಲ, ಇಷ್ಟು ಚಿಕ್ಕ ಮಗುವನ್ನು ಒಂಟಿಯಾಗಿ ಹತ್ತಿಸುವುದಿಲ್ಲ ಎಂದಳು ಅಲ್ಲಿದ್ದ ಹುಡುಗಿ.

“ಹಾರಿದ್ದು ನಾನಮ್ಮ!”

“ನಮ್ಮ ಕಂಪ್ಯೂಟರಲ್ಲಿ ಸರ್ ಹಾರಿದ ಹಾಗೆ ಕಾಣ್ಸುತ್ತೆ, ಮೇಡಂ.”

“ಅಲ್ಲಿಗೇ ಹೋಗಿ ಕೇಳೋಣ. ಮುಖ ನೋಡಿದ್ರೆ ಒಪ್ಕೋತಾರೆ” ಎಂದರು ಇವರು. ಆ ನಂಬಿಕೆಯಲ್ಲೇ ಮೂವರೂ ಹೋದೆವು.

ಅವತ್ತು ಜೊತೆಗೆ ಬಂದವರನ್ನೂ ಪಾಸು ಕೊಟ್ಟು ಒಳಗೆ ಬಿಟ್ಟರು. ವಿಮಾನ ಹತ್ತುವ ಗೇಟಿನ ಹತ್ತಿರ ಬಲೂನು, ಹಾಡು. ನಮ್ಮ ಮುಂದೆ ಕೋಲಿಗೆ ಫೋನು ಸಿಕ್ಕಿಸಿಕೊಂಡ ಒಂದು ಜೋಡಿ. “ಮೆಂಬರ್ ನಂಬರಾ? ಅದೆಲ್ಲಿರುತ್ತೆ?” ಎಂದು ಆ ಜೋಡಿಯ ಹುಡುಗಿ ಕೇಳಿದರೆ, ನೀಲಿ ಕೋಟಿನ ಅಧಿಕಾರಿ ನಕ್ಕು, “ನೀವು ನಮ್ಮ ಅತಿಥಿಗಳು, ನಂಬರೆಲ್ಲ ಬೇಡ” ಎಂದು ಹಗ್ಗ ಸರಿಸಿದ. ನಮ್ಮ ಸರದಿ ಬಂದಾಗ ಮಾತ್ರ ಅದೇ ನಿಯಮ ಮತ್ತೆ ಎದ್ದು ಕೂತಿತು.

ನನಗೆ ಮೈಯೆಲ್ಲ ಉರಿಯಿತು. “ಅವರಿಗೆ ನಂಬರೇ ಬೇಡ, ನನಗೆ ಹೆಸರು ಬದಲಾಗಲ್ಲ. ಯಾವ ನ್ಯಾಯ ಸಾರ್ ಇದು?”

“ಪ್ರಚಾರಕ್ಕೆ ಕರೆದೋರ ಲೆಕ್ಕ ಬೇರೆ, ಮೇಡಂ.”

“ನಿಮ್ಮ ವಿಮಾನದಲ್ಲಿ ಈ ಮಗುವಿನ ವಾಂತಿ ನಾನು ಬಾಚಿದ ಲೆಕ್ಕ ಯಾರ ಹೆಸರಿಗೆ ಹೋಯ್ತು?”

ಅವನ ನಗು ಮಾಯವಾಯಿತು. ದನಿ ತಗ್ಗಿಸಿದ. “ನನ್ನ ಕೈಲಿಲ್ಲಮ್ಮ. ಬಾಗಿಲು ಹಾಕೋ ಹೊತ್ತಾಯ್ತು. ಸರ್ ಬಂದ್ರೆ ಮಗು ಬರಬಹುದು. ಇಲ್ಲಾಂದ್ರೆ ಇಬ್ಬರೂ ಇಲ್ಲ.”

ಇವರ ಮುಖ ಕಲೆಸಿಟ್ಟ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಹೋಗಿ ಎಂದು ನಾನು ಹೇಳಿದರೆ ಅದು ದಬ್ಬಿದ ಹಾಗೆ.

ಮಗಳು ಅಳಲಿಲ್ಲ. “ಪರ್ವಾಗಿಲ್ಲ ಅಪ್ಪ, ಮನೆಗೆ ಹೋಗೋಣ” ಎಂದಳು. ನರ ಸಿಗದೆ ಮತ್ತೆ ಮತ್ತೆ ಚುಚ್ಚುವ ನರ್ಸುಗಳಿಗೂ ಅವಳು ಹೀಗೇ ಪರ್ವಾಗಿಲ್ಲ ಅನ್ನುತ್ತಿದ್ದಳು. ಆ ದನಿಯನ್ನು ಇವರು ಕೇಳಿದ್ದು ಅದೇ ಮೊದಲು.

ಇವರು ವಾಚು ಬಿಚ್ಚಿದರು. ಪರ್ಸು, ಫೋನು, ಎಲ್ಲವನ್ನೂ ನನ್ನ ಕೈಗಿಟ್ಟರು, ಹೊಳೆಗೆ ಇಳಿಯುವವರ ಹಾಗೆ. “ನಡಿ ದಪ್ಪಕ್ಕ.”

ವಿಮಾನಕ್ಕೆ ಹೋಗುವ ಓಣಿಯಲ್ಲಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟರು. ಪಾದದಿಂದ ನೆಲ ಒತ್ತಿ ನೋಡಿದರು. “ಇದು ಮಟ್ಟ ಇಲ್ಲ. ಇಳಿಜಾರು” ಎಂದದ್ದು ನನಗೂ ಕೇಳಿಸಿತು. ಅಧಿಕಾರಿಯ ಕೈ ಬಾಗಿಲಿನ ಹಿಡಿಯ ಮೇಲಿತ್ತು. ನಾನು ಹಗ್ಗದ ಈಚೆ.

ಮಗಳು ಅವರ ಅಂಗಿ ಜಗ್ಗಿ ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ತನ್ನ ತೋರುಬೆರಳು ಚಾಚಿದಳು. ಏನು ಹೇಳಿರಬೇಕೆಂದು ನನಗೆ ಗೊತ್ತು: ಕಣ್ಣು ಮುಚ್ಕೊ, ಬೆರಳು ಹಿಡ್ಕೊ, ಎಷ್ಟು ಭಯ ಆಗುತ್ತೋ ಅಷ್ಟು ಒತ್ತು. ಇವರು ಆ ಬೆರಳು ಹಿಡಿದು ನಡೆದರು. ಬಾಗಿಲು ಮುಚ್ಚಿತು.

ಗಾಜಿನ ಹತ್ತಿರ ನಿಂತೆ. ಅಷ್ಟು ಸಲ ಹಾರಿದರೂ ಒಮ್ಮೆಯೂ ಹೆದರದ ನಾನು, ವಿಮಾನ ನೆಲ ಬಿಟ್ಟದ್ದೇ ಗಾಜಿನ ಮುಂದಿನ ಕಂಬಿ ಹಿಡಿದುಕೊಂಡೆ. ಒಳಗಿದ್ದರೆ ಕೈಗೆ ಕೆಲಸವಿರುತ್ತಿತ್ತು. ಬಾಯಿ ಒರೆಸು, ನೀರು ಕುಡಿಸು, ಕಥೆ ಹೇಳು. ಇಲ್ಲಿ ಕಂಬಿ ಹಿಡಿಯುವುದೊಂದೇ. ವಿಮಾನ ಮೋಡದೊಳಗೆ ಹೋದ ಮೇಲೆ ನೋಡಲೂ ಏನಿಲ್ಲ. ಇವರ ಜೊತೆ ಸಿಮೆಂಟು ಕಲೆಸುವ ಅಕ್ಕ ಒಮ್ಮೆ, “ನೀವು ಆಸ್ಪತ್ರೆಗೆ ಹೋದ ದಿನ ಮೇಸ್ತ್ರಿ ಕೂರ್ಸಿದ್ದಕ್ಕಿಂತ ಒಡೆದ ಟೈಲ್ಸೇ ಜಾಸ್ತಿ” ಎಂದಿದ್ದಳು. ನಾನು ನಕ್ಕುಬಿಟ್ಟಿದ್ದೆ. ಜೊತೆಗೆ ಬರುವ ಧೈರ್ಯವಿಲ್ಲದ ಗಂಡಸು ಎಂದು ಒಳಗೊಳಗೇ ಎಷ್ಟು ಸಲ ಬೈದುಕೊಂಡಿದ್ದೆ. ಧೈರ್ಯವಿರಲಿಲ್ಲ, ನಿಜ. ಆದರೆ ಕೆಳಗೆ ಉಳಿಯುವುದು ಸುಖವೆಂದು ನನಗೆ ಹೇಳಿದವರು ಯಾರು?

ಕೊನೆಗೂ ಬಾಗಿಲು ತೆರೆಯಿತು. ಮೊದಲು ಓಡಿ ಬಂದವಳು ಮಗಳು. “ಅಮ್ಮ, ನಂಗೆ ವಾಂತಿ ಬರ್ಲೇ ಇಲ್ಲ! ಅಪ್ಪಂಗೆ ಬಂತು. ನಾನೇ ಕವರ್ ಹಿಡ್ದೆ!”

ಹಿಂದೆ ಇವರು, ಹಿಂಡಿದ ಬಟ್ಟೆಯ ಹಾಗೆ. ನೀಲಿ ಕೋಟಿನವನು ಕ್ಯಾಮೆರಾದವರನ್ನು ಕರೆದುಕೊಂಡು ಬಂದು ಮೈಕು ಹಿಡಿದ. “ಸರ್, ನಮ್ಮ ಹಳೆಯ ಪ್ರಯಾಣಿಕರು ನೀವು. ಎರಡು ಮಾತು?”

ಇವರು ಮೈಕಿನ ಹತ್ತಿರ ಬಾಗಿದರು. “ನಾನು ವಿಮಾನ ಹತ್ತಿದ್ದು ಇವತ್ತೇ ಮೊದಲು. ನಿಮ್ಮ ಹಳಬರನ್ನ ನೀವು ಹಗ್ಗದ ಆಚೆ ನಿಲ್ಸಿದೀರಿ. ಅವರನ್ನ ಕೇಳಿ.”

ಕ್ಯಾಮೆರಾ ನನ್ನ ಕಡೆ ತಿರುಗಿತು. ನೀಲಿ ಕೋಟಿನವನು ಬೇರೆ ದಾರಿ ಕಾಣದೆ ಮೈಕನ್ನು ಹಗ್ಗದ ಮೇಲಿನಿಂದ ಚಾಚಿದ. ಹಾಡು ನಿಂತಿತ್ತು. ಎಲ್ಲರೂ ನೋಡುತ್ತಿದ್ದರು.

“ಮೊದಲು ಇವರಿಗೊಂದು ಲೋಟ ನೀರು ಕೊಡಿ,” ಎಂದೆ. “ಆಮೇಲೆ ಹೇಳ್ತೀನಿ. ಹೇಳೋದು ತುಂಬ ಇದೆ.”